ಹಾಡು ಯಾರ ಹೆಸರಿಗೆ?

1986ರ ಬೇಸಿಗೆ ರಜೆಗೆ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಊರಿಗೆ ಬಂದ ಅಣ್ಣ ಒಂದು ಕ್ಯಾಸೆಟ್ ತಂದಿದ್ದ. ಹಾಸ್ಟೆಲಿನ ಗೆಳೆಯನ ಹತ್ತಿರ ಇದ್ದುದನ್ನು ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದದ್ದು. ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ‘ದಿ ಬ್ಯಾಂಡ್’ ಎಂದಷ್ಟೇ ಬರೆದಿತ್ತು.

“ಯಾವ ಬ್ಯಾಂಡು?” ಎಂದೆ.

“ಹೆಸರೇ ಅದು ಕಣೋ. ದಿ ಬ್ಯಾಂಡ್.”

“ಅದಕ್ಕೆ ಮುಂಚೆ ಏನಾದ್ರೂ ಇರಬೇಕಲ್ಲ?”

“ಏನೂ ಇಲ್ಲ.”

ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ತಲೆಯೆತ್ತದೆ, “ಅರಸೀಕೆರೇಲಿ ಮದುವೆಗೆ ಬರ್ತಾರಲ್ಲ, ಅವರದ್ದಿರಬೇಕು” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ‘ಮದುವೆ ಬ್ಯಾಂಡು’ ಎಂದೇ ಹೆಸರಾಯಿತು.

ಅರಸೀಕೆರೆ ಸೀಮೆಯ ನಮ್ಮ ಹಳ್ಳಿಯಲ್ಲಿ ಆಗ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಟೇಪ್‌ರೆಕಾರ್ಡರಿಗೆ ನಾಲ್ಕು ದೊಡ್ಡ ಸೆಲ್ ಬೇಕು. ಅವು ಸೋತರೆ ಹಾಡುವವರೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು. ಸೆಲ್ಲುಗಳನ್ನು ಬಿಸಿಲಿಗೆ ಇಟ್ಟು ಇನ್ನೊಂದು ಅರ್ಧ ಗಂಟೆ ಎಳೆಯುತ್ತಿದ್ದೆವು. ಹಾಡಿನ ಮಾತು ನನಗೆ ಒಂದೂ ತಿಳಿಯುತ್ತಿರಲಿಲ್ಲ. ಅಣ್ಣ ತಲೆದೂಗುತ್ತಿದ್ದುದರಿಂದ ಅವನಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಅವನಿಗೂ ತಿಳಿಯುತ್ತಿರಲಿಲ್ಲವೆಂದು ಬಹಳ ವರ್ಷಗಳ ಮೇಲೆ ಒಪ್ಪಿಕೊಂಡ.

ಆದರೆ ದನಿಗಳು ತಿಳಿಯುತ್ತಿದ್ದವು. ಒಂದೇ ಹಾಡಿನಲ್ಲಿ ಮೂರು ಜನ ಹಾಡುತ್ತಿದ್ದರು. ಅವರ ಹೆಸರು ಗೊತ್ತಿಲ್ಲದ್ದರಿಂದ ನಾವೇ ಹೆಸರಿಟ್ಟೆವು. ಹೊಲದ ಬದುವಿನ ಮೇಲೆ ನಿಂತು ಕೂಗಿದಂಥ ದನಿಯವನು ‘ಹಳ್ಳಿಯವ’. ತಾಳಕ್ಕಿಂತ ಒಂದು ಹೆಜ್ಜೆ ಮುಂದೆಯೋ ಹಿಂದೆಯೋ ತಡವರಿಸುತ್ತ ಹೋಗುವವನು ‘ಓಡುವವ’. ತೀರಾ ಮೇಲಿನ ಸ್ವರಕ್ಕೆ ಹತ್ತಿ ಅಲ್ಲೇ ನಡುಗುವವನು ‘ಅಳುವವ’. ಇದು ಯಾರ ದನಿ ಎಂದು ನಾಲ್ಕಾಣೆ ಪಂದ್ಯ ಕಟ್ಟುತ್ತಿದ್ದೆವು. ಸೋತವನು ಒಪ್ಪುತ್ತಿರಲಿಲ್ಲ. ತೀರ್ಪು ಕೊಡುವವರು ಊರಲ್ಲಿ ಯಾರೂ ಇರಲಿಲ್ಲ.

ಒಂದು ಸಂಜೆ ಅಮ್ಮ ಅಕ್ಕಿ ಆರಿಸುತ್ತ ಕೂತು ಕೇಳಿದಳು. “ಬೀಸೋಕಲ್ಲಿನ ಮುಂದೆ ಕೂತೋರ ಹಾಗೆ ಹಾಡ್ತಾರಲ್ಲ ಇವರು” ಎಂದಳು. “ಒಬ್ಬರ ಉಸಿರು ಮುಗಿಯೋ ಹೊತ್ತಿಗೆ ಇನ್ನೊಬ್ಬರು ಎತ್ಕೋತಾರೆ.” ಹಿಟ್ಟಿನ ಗಿರಣಿ ಬರುವ ಮುಂಚೆ ಅವಳೂ ನಮ್ಮ ಸೋದರತ್ತೆಯೂ ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದರಂತೆ. ಪದ ಯಾರು ಶುರು ಮಾಡಿದರು, ಯಾರು ಮುಗಿಸಿದರು ಎಂದು ಕೇಳಿದರೆ ಅವಳಿಗೆ ನಗು ಬರುತ್ತಿತ್ತು.

ಆ ದನಿಗಳಿಗೆ ಹೆಸರು ಸಿಕ್ಕಿದ್ದು ನಾನು ಅಮೆರಿಕಕ್ಕೆ ಬಂದ ಮೇಲೆ. 1998ರಲ್ಲಿ ಕೆಲಸದ ಮೇಲೆ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿಗೆ ಬಂದೆ. ಹಡ್ಸನ್ ನದಿಯ ದಂಡೆಯ ಊರು. ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮವರು ಸುತ್ತಮುತ್ತ ಸಾಕಷ್ಟಿದ್ದರು. ನದಿ ದಾಟಿ ಉತ್ತರಕ್ಕೆ ಒಂದು ಗಂಟೆ ಹೋದರೆ ವುಡ್‌ಸ್ಟಾಕ್. ನಮ್ಮ ಕ್ಯಾಸೆಟ್ಟಿನ ಬೇರು ಅಲ್ಲೇ ಇದೆಯೆಂದು ಹೇಳಿದವರು ಪಕ್ಕದ ಮನೆಯ ಹಿರಿಯರು. ಹೊಸ ಮನೆಗೆ ಸಾಮಾನು ಇಳಿಸುವಾಗ ನನ್ನ ಪೆಟ್ಟಿಗೆಯಲ್ಲಿ ಆ ಹಳೆಯ ಕ್ಯಾಸೆಟ್ ಕಂಡು, ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಇಂಡಿಯಾದಿಂದ ತಂದದ್ದೇ ಎಂದು ಎರಡು ಸಲ ಕೇಳಿದರು. ಆಮೇಲೆ ನನ್ನನ್ನು ಅವರ ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಒಂದು ಇಡೀ ಗೋಡೆ ರೆಕಾರ್ಡುಗಳು. ಅವತ್ತು ಮಧ್ಯಾಹ್ನ ಹೋದವನು ಮನೆಗೆ ಬಂದಾಗ ಕತ್ತಲಾಗಿತ್ತು.

ಹಳ್ಳಿಯವ ಲೀವಾನ್ ಹೆಲ್ಮ್. ಅಮೆರಿಕದ ದಕ್ಷಿಣದ ಆರ್ಕನ್ಸಾ ರಾಜ್ಯದಲ್ಲಿ ಹತ್ತಿ ಬೆಳೆಯುವ ರೈತನ ಮಗ. ಡ್ರಮ್ಸ್ ಬಾರಿಸುತ್ತಲೇ ಹಾಡುವವನು. ಓಡುವವ ರಿಕ್ ಡ್ಯಾಂಕೊ, ಅಳುವವ ರಿಚರ್ಡ್ ಮ್ಯಾನ್ಯುಯೆಲ್. ಇವರ ಜೊತೆಗೆ ಗಿಟಾರಿನ ರಾಬಿ ರಾಬರ್ಟ್‌ಸನ್, ಆರ್ಗನ್ ನುಡಿಸುವ ಗಾರ್ಥ್ ಹಡ್ಸನ್. ಅಮೆರಿಕದ ಮಣ್ಣಿನ ಹಾಡು ಎಂದು ಜನ ಕೊಂಡಾಡುವ ಈ ತಂಡದಲ್ಲಿ ಲೀವಾನ್ ಒಬ್ಬನೇ ಅಮೆರಿಕದವನು. ಉಳಿದ ನಾಲ್ವರೂ ಕೆನಡಾದವರು. ರಾನಿ ಹಾಕಿನ್ಸ್ ಎಂಬ ಆರ್ಕನ್ಸಾದ ಗಾಯಕ 1958ರಲ್ಲಿ ಲೀವಾನ್‌ನನ್ನು ಕರೆದುಕೊಂಡು ಕೆನಡಾಕ್ಕೆ ಹೋದ. ಅವನ ತಂಡದ ಬೇರೆಯವರೆಲ್ಲ ಒಬ್ಬೊಬ್ಬರಾಗಿ ಊರಿಗೆ ಹಿಂದಿರುಗಿದರು, ಅವರ ಜಾಗಕ್ಕೆ ಅಲ್ಲಿಯ ಹುಡುಗರು ಒಬ್ಬೊಬ್ಬರಾಗಿ ಬಂದರು. ಗಾರ್ಥ್ ಸೇರಿದ ರೀತಿ ಚೆನ್ನಾಗಿದೆ. ಶಾಸ್ತ್ರೀಯ ಸಂಗೀತ ಕಲಿತವನು ಹೋಟೆಲು, ಬಾರುಗಳಲ್ಲಿ ನುಡಿಸುತ್ತಾನೆಂದರೆ ತಂದೆತಾಯಿ ಏನೆಂದುಕೊಂಡಾರು? ಅದಕ್ಕೆ ಮಿಕ್ಕವರು ಅವನಿಗೆ ಪಾಠದ ಫೀಸು ಎಂದು ವಾರಕ್ಕೆ ಹತ್ತು ಡಾಲರ್ ಹೆಚ್ಚಿಗೆ ಕೊಡಬೇಕು, ಮನೆಯಲ್ಲಿ ಅವನು ಸಂಗೀತದ ಮೇಷ್ಟ್ರು ಎಂದು ಹೇಳಿಕೊಳ್ಳಬೇಕು ಎಂದು ಒಪ್ಪಂದವಾಯಿತು.

ಮುಂದೆ ಹಾಕಿನ್ಸ್‌ನನ್ನು ಬಿಟ್ಟು ಬಾಬ್ ಡಿಲನ್ ಜೊತೆ ಹೋದರು. 1965–66ರಲ್ಲಿ ಡಿಲನ್ ಜಾನಪದ ಹಾಡು ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದನೆಂದು ಜನ ಊರೂರಲ್ಲಿ ಕೂಗಾಡುತ್ತಿದ್ದರು. ಆ ಕೂಗು ಇವರಿಗೂ ಬಿತ್ತು. ಲೀವಾನ್ ಬೇಸತ್ತು ಬಿಟ್ಟುಹೋಗಿ ಮೆಕ್ಸಿಕೊ ಕೊಲ್ಲಿಯಲ್ಲಿ ಎಣ್ಣೆ ತೆಗೆಯುವ ಕಡೆ ಕೂಲಿ ಮಾಡಿದ. 1967ರಲ್ಲಿ ಉಳಿದವರು ವುಡ್‌ಸ್ಟಾಕ್ ಹತ್ತಿರದ ಸಾಗರ್ಟೀಸ್ ಎಂಬಲ್ಲಿ ಗುಲಾಬಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಅದರ ನೆಲಮಾಳಿಗೆಯಲ್ಲಿ ಡಿಲನ್ ಜೊತೆ ದಿನವೂ ಹಾಡುತ್ತ ಕೂತರು. ಲೀವಾನ್ ಹಿಂದಿರುಗಿ ಬಂದ. ಊರಿನವರು ಇವರನ್ನು ‘ಆ ಬ್ಯಾಂಡಿನವರು’ ಎನ್ನುತ್ತಿದ್ದರು, ಅದೇ ಹೆಸರು ಉಳಿಯಿತು. ನಮ್ಮಪ್ಪ ಅರಸೀಕೆರೆಯ ಬ್ಯಾಂಡಿನವರು ಎಂದದ್ದೂ ಹೆಚ್ಚುಕಡಿಮೆ ಅದೇ ಲೆಕ್ಕ.

ಆ ನೆಲಮಾಳಿಗೆಗೆ ನಮ್ಮ ದೇಶದ ಒಂದು ಎಳೆಯೂ ಇದೆ. 1967ರಲ್ಲಿ ಬಂಗಾಳದ ಬಾವುಲ್ ಹಾಡುಗಾರರು ವುಡ್‌ಸ್ಟಾಕಿಗೆ ಬಂದು ತಂಗಿದ್ದರು. ಪೂರ್ಣದಾಸ್, ಲಕ್ಷ್ಮಣದಾಸ್ ಇಬ್ಬರೂ ಆ ವರ್ಷದ ಡಿಲನ್ ರೆಕಾರ್ಡಿನ ಮುಖಪುಟದ ಚಿತ್ರದಲ್ಲಿ ಅವನ ಅಕ್ಕಪಕ್ಕ ನಿಂತಿದ್ದಾರೆ. ಗುಲಾಬಿ ಮನೆಯ ನೆಲಮಾಳಿಗೆಯಲ್ಲಿ ಅವರ ಹಾಡುಗಳನ್ನು ಗಾರ್ಥ್ ಹಡ್ಸನ್ ಟೇಪಿಗೆ ಇಳಿಸಿಕೊಂಡ, ಅದು ರೆಕಾರ್ಡಾಗಿಯೂ ಬಂತು. ನೆರೆಮನೆಯವರು ಅದನ್ನು ಹಾಕಿದಾಗ, ಆ ಅಮೆರಿಕದ ನೆಲಮಾಳಿಗೆಯಲ್ಲಿ ಏಕತಾರಿಯ ನಾದ ಕೇಳಿ ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಆಗ ನಿಮಿಷಕ್ಕೆ ಇಷ್ಟು ಎಂದು ದುಡ್ಡು. ರಿಸೀವರನ್ನು ಸ್ಪೀಕರಿಗೆ ಹಿಡಿದೆ. “ದೇವರ ಪದ ಹಾಡೋರ ಹಾಗಿದೆಯಲ್ಲೋ” ಎಂದ. “ಅಳೋನು ಯಾರಂತೆ, ಹೇಳು” ಎಂದೂ ಕೇಳಿದ.

ಅದನ್ನು ಹೇಳುವುದು ಕಷ್ಟವಾಯಿತು. ರಿಚರ್ಡ್ ಮ್ಯಾನ್ಯುಯೆಲ್ 1986ರ ಮಾರ್ಚ್ 4ರಂದು ಫ್ಲಾರಿಡಾದಲ್ಲಿ, ಕಛೇರಿ ಮುಗಿಸಿ ಉಳಿದುಕೊಂಡಿದ್ದ ಕೋಣೆಯಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ಅಣ್ಣ ಕ್ಯಾಸೆಟ್ ತಂದದ್ದು ಅದಾದ ಮೇಲಿನ ಬೇಸಿಗೆಯಲ್ಲಿ. ನಾವು ನಾಲ್ಕಾಣೆ ಪಂದ್ಯ ಕಟ್ಟುತ್ತಿದ್ದಾಗ ಆ ದನಿಯವನು ಹೋಗಿ ಒಂದೆರಡು ತಿಂಗಳಾಗಿತ್ತು.

ನೆರೆಮನೆಯವರಿಗೆ ಇವರ ಮೇಲಿದ್ದ ಪ್ರೀತಿ ಯಾವ ಬಗೆಯದೆಂದು ಹೇಳಬೇಕು. 1973ರ ಜುಲೈನಲ್ಲಿ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಮೂರು ತಂಡಗಳ ದೊಡ್ಡ ಜಾತ್ರೆಯಂಥ ಸಂಗೀತ ಕೂಟ ನಡೆಯಿತು. ಆರು ಲಕ್ಷದಷ್ಟು ಜನ ಸೇರಿದ್ದರೆಂದು ಲೆಕ್ಕ. ಹತ್ತೊಂಬತ್ತು ವರ್ಷದ ಹುಡುಗನಾಗಿ ಇವರೂ ಹೋಗಿದ್ದರು. ದಿ ಬ್ಯಾಂಡ್ ನುಡಿಸುತ್ತಿದ್ದಾಗ ಗುಡುಗು ಮಳೆ ಬಂತು. ತಂಡ ನಿಲ್ಲಿಸಿತು. ಸ್ವಲ್ಪ ಹೊತ್ತಿಗೆ ಗಾರ್ಥ್ ಒಬ್ಬನೇ ಬಂದು ಆರ್ಗನ್ ಮುಂದೆ ಕೂತು, ಆ ಮಳೆಯಲ್ಲೇ ನುಡಿಸತೊಡಗಿದ. “ಗುಡುಗಿಗೆ ಅವನು ಉತ್ತರ ಕೊಡುತ್ತಿದ್ದ” ಎಂದು ಹೇಳುವಾಗ ಅವರ ಕೈ ಗಾಳಿಯಲ್ಲಿ ಆಡುತ್ತಿತ್ತು. ಈ ಕತೆಯನ್ನು ನಾನು ಹನ್ನೆರಡು ಸಲವಾದರೂ ಕೇಳಿದ್ದೇನೆ. ಕೆಲವು ಸಲ ಮಳೆ ಹೆಚ್ಚಾಗುತ್ತಿತ್ತು, ಗಾರ್ಥ್ ಮಾತ್ರ ಹಾಗೇ ಇರುತ್ತಿದ್ದ.

ಅಭಿಮಾನಿ ಎಂದರೆ ನಾಯಕನೊಬ್ಬನ ಕಟೌಟಿಗೆ ಹಾಲೆರೆಯುವವನು ಎಂಬುದು ನಮಗೆ ಗೊತ್ತಿರುವ ಚಿತ್ರ. ಈ ತಂಡದ ಅಭಿಮಾನಿಗಳಿಗೆ ಹಾಲೆರೆಯಲು ಕಟೌಟೇ ಇರಲಿಲ್ಲ. ಮುಂದೆ ನಿಲ್ಲುವವನು ಯಾರೂ ಇಲ್ಲ. ಹಾಡಿನಿಂದ ಹಾಡಿಗೆ ದನಿ ಬದಲಾಗುತ್ತದೆ, ವಾದ್ಯವೂ ಬದಲಾಗುತ್ತದೆ. 1969ರ ಅವರ ಎರಡನೇ ರೆಕಾರ್ಡಿನ ‘ರ‍್ಯಾಗ್ ಮಾಮಾ ರ‍್ಯಾಗ್’ ಹಾಡಿನಲ್ಲಿ ಡ್ರಮ್ಮಿನವನಾದ ಲೀವಾನ್ ಮ್ಯಾಂಡೊಲಿನ್ ಹಿಡಿದ, ಪಿಯಾನೊದ ರಿಚರ್ಡ್ ಡ್ರಮ್ಸಿಗೆ ಕೂತ, ಗಾರ್ಥ್ ಪಿಯಾನೊಗೆ ಬಂದ, ರಿಕ್ ಪಿಟೀಲು ನುಡಿಸಿದ. ಪ್ರೀತಿಸುವವರು ಪ್ರೀತಿಸುತ್ತಿದ್ದುದು ಈ ಕೊಡುಕೊಳ್ಳುವಿಕೆಯನ್ನೇ. ಐದು ಜನ ಒಂದು ಮನೆಯಲ್ಲಿ ಹೀಗೆ ಇರಲು ಸಾಧ್ಯ ಎಂಬುದನ್ನು. ಆಮೇಲೆ ಅವರು ಹಾಗೆ ಇರಲಿಲ್ಲ ಎಂದು ತಿಳಿದ ಮೇಲೂ ಪ್ರೀತಿ ಹೋಗಲಿಲ್ಲ. ನನಗೆ ಬಿಡಿಸಲಾರದ ಒಗಟು ಅದೇ ಆಗಿತ್ತು.

ಜಗಳ ಇದ್ದದ್ದು ಹೆಸರಿನ ಬಗ್ಗೆ. ಅದೇ ಎರಡನೇ ರೆಕಾರ್ಡಿನಲ್ಲಿ ಹನ್ನೆರಡು ಹಾಡುಗಳಿವೆ. ಬರೆದವರು ಎಂಬ ಕಡೆ ಹನ್ನೆರಡಕ್ಕೂ ರಾಬಿ ರಾಬರ್ಟ್‌ಸನ್ ಹೆಸರಿದೆ. ಮೂರು ಹಾಡಿನಲ್ಲಿ ಅವನ ಜೊತೆಗೆ ರಿಚರ್ಡ್ ಹೆಸರು, ಒಂದರಲ್ಲಿ ಲೀವಾನ್ ಹೆಸರು. ರಿಕ್ ಮತ್ತು ಗಾರ್ಥ್ ಹೆಸರು ಎಲ್ಲಿಯೂ ಇಲ್ಲ. ಇದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ರೇಡಿಯೊ ಕೇಂದ್ರಗಳು ಹಾಡು ಹಾಕಿದಾಗ ಬರೆದವನಿಗೆ ಹಣ ಸಲ್ಲುತ್ತದೆ, ಹಾಡಿದವನಿಗೆ, ನುಡಿಸಿದವನಿಗೆ ಸಲ್ಲುವುದಿಲ್ಲ. ಬೇರೆ ಯಾರಾದರೂ ಆ ಹಾಡನ್ನು ಹಾಡಿ ಗೆದ್ದರೂ ಬರೆದವನಿಗೇ ಪಾಲು. ಮೂವತ್ತು ವರ್ಷದಲ್ಲಿ ಒಬ್ಬನ ಮನೆ ದೊಡ್ಡದಾಗುತ್ತದೆ, ಇನ್ನೊಬ್ಬನ ಮನೆ ಹರಾಜಿಗೆ ಬರುತ್ತದೆ.

1993ರಲ್ಲಿ ಬರೆದ ಆತ್ಮಕತೆಯಲ್ಲಿ ಲೀವಾನ್ ಈ ನೋವನ್ನೆಲ್ಲ ಹೊರಗೆ ಹಾಕಿದ. ದಕ್ಷಿಣದ ಬಡವನೊಬ್ಬ 1865ರ ಸೋಲನ್ನು ನೆನೆಯುವ ಹಾಡೊಂದು ಆ ರೆಕಾರ್ಡಿನಲ್ಲಿದೆ, ‘ದ ನೈಟ್ ದೇ ಡ್ರೋವ್ ಓಲ್ಡ್ ಡಿಕ್ಸಿ ಡೌನ್’. ಬರೆದವನು ಕೆನಡಾದ ರಾಬಿ, ಹಾಡಿದವನು ದಕ್ಷಿಣದ ಲೀವಾನ್. ಆ ಕಾಲದ ಇತಿಹಾಸ, ಭೂಗೋಳ ತಿಳಿಯಲೆಂದು ರಾಬಿಯನ್ನು ಲೈಬ್ರರಿಗೆ ಕರೆದುಕೊಂಡು ಹೋದವನು ತಾನು ಎಂದು ಲೀವಾನ್ ಬರೆಯುತ್ತಾನೆ. ಹಾಗಾದರೆ ಆ ಹಾಡು ಯಾರದು? ಜೋನ್ ಬಯೇಜ್ 1971ರಲ್ಲಿ ಹಾಡಿ ಅದನ್ನು ಮನೆಮಾತು ಮಾಡಿದಾಗ ಪಾಲು ಹೋದದ್ದು ರಾಬಿಗೆ. 1976ರ ನಂತರ ಲೀವಾನ್ ಅದನ್ನು ಮತ್ತೆ ಹಾಡಲೇ ಇಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊಡೆದಾಡಿ ಸೋತವರ ಪರವಾಗಿ ಕಣ್ಣೀರು ತರಿಸುವ ಹಾಡು ಅದು. ಮಾತು ತಿಳಿಯದೆ ಹದಿನಾರನೇ ವಯಸ್ಸಿನಲ್ಲಿ ನಾನು ಮನಸೋತದ್ದು ಅದಕ್ಕೇ. ಆಫೀಸಿನಲ್ಲಿ ಕಪ್ಪು ಸಹೋದ್ಯೋಗಿಯೊಬ್ಬರ ಎದುರು ಅದನ್ನು ಗುನುಗುತ್ತಿದ್ದಾಗ ಅವರು, “ಯಾರ ಸೋಲು ಅದು, ಗೊತ್ತಲ್ಲ?” ಎಂದು ಮೆಲ್ಲಗೆ ಕೇಳಿದರು. ಅಂದಿನಿಂದ ಅದು ನನಗೆ ಬಾಯಿಬಿಟ್ಟು ಹಾಡುವ ಹಾಡಾಗಿ ಉಳಿದಿಲ್ಲ. ಒಬ್ಬನೇ ಇದ್ದಾಗ ಕೇಳುತ್ತೇನೆ, ಈಗಲೂ ಗಂಟಲು ಕಟ್ಟುತ್ತದೆ, ಅದಕ್ಕೇ ಮುಜುಗರವೂ ಆಗುತ್ತದೆ.

ರಾಬಿಯ ಪಕ್ಷದಲ್ಲೂ ಹೇಳಲು ಮಾತಿದೆ. ಮಿಕ್ಕವರಲ್ಲಿ ಕೆಲವರು ಕುಡಿತಕ್ಕೂ ಮತ್ತಿನ ಮದ್ದಿಗೂ ಬಿದ್ದಿದ್ದಾಗ ದಿನವೂ ಕೂತು ಬರೆದವನು ಅವನು. ಬರೆಯುವುದು ಒಂದು ಕೆಲಸ, ನುಡಿಸುವುದು ಇನ್ನೊಂದು ಎಂಬುದು ಅವನ ವಾದ. ತಿರುಗಾಟ ಸಾಕೆಂದು 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡಿನಲ್ಲಿ, ಸುಮಾರು ಐದು ಸಾವಿರ ಜನಕ್ಕೆ ಹಬ್ಬದೂಟ ಹಾಕಿಸಿ, ಕೊನೆಯ ಕಛೇರಿ ಮಾಡಿದರು. ಮಾರ್ಟಿನ್ ಸ್ಕಾರ್ಸೇಸಿ ಅದನ್ನು ಚಿತ್ರ ಮಾಡಿ 1978ರಲ್ಲಿ ಬಿಡುಗಡೆ ಮಾಡಿದ. ಕ್ಯಾಮೆರಾ ರಾಬಿಯನ್ನೇ ನೋಡುತ್ತದೆ, ರಿಚರ್ಡ್ ಕಾಣುವುದೇ ಇಲ್ಲ ಎಂಬುದು ಲೀವಾನ್‌ನ ದೂರು. ನಾಲ್ವರು 1983ರಲ್ಲಿ ರಾಬಿಯನ್ನು ಬಿಟ್ಟು ಮತ್ತೆ ಸೇರಿದರು. 1994ರಲ್ಲಿ ರಾಕ್ ಸಂಗೀತದ ದೊಡ್ಡ ಸನ್ಮಾನ ತಂಡಕ್ಕೆ ಬಂದಾಗ ಲೀವಾನ್ ಹೋಗಲಿಲ್ಲ.

ನೆರೆಮನೆಯವರು ಲೀವಾನ್ ಪಕ್ಷ. ಅವರ ಜೊತೆ ನಾನೂ ಲೀವಾನ್ ಪಕ್ಷ. ಈ ಪಕ್ಷಕ್ಕೆ ಒಂದು ಗುಡಿಯೂ ಇತ್ತು, ವುಡ್‌ಸ್ಟಾಕಿನಲ್ಲಿ ಲೀವಾನ್ ಮನೆಗೆ ಸೇರಿದ ಮರದ ಕೊಟ್ಟಿಗೆ. 1998ರಲ್ಲಿ ಅವನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಚಿಕಿತ್ಸೆಯಲ್ಲಿ ದನಿ ಹೋಯಿತು. ಆಸ್ಪತ್ರೆಯ ಸಾಲ ತೀರಿಸಬೇಕು, ಮನೆ ಉಳಿಸಿಕೊಳ್ಳಬೇಕು. 2004ರಿಂದ ಶನಿವಾರ ರಾತ್ರಿಗಳಲ್ಲಿ ಆ ಕೊಟ್ಟಿಗೆಯಲ್ಲೇ ಕಛೇರಿ ಶುರು ಮಾಡಿದ. ಮೊದಮೊದಲು ಬಾರಿಸುತ್ತಿದ್ದ ಅಷ್ಟೆ. ದನಿ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿತು.

ನಾವು ಹೋದದ್ದು 2008ರಲ್ಲಿ. ಬರುವವರು ಹಂಚಿಕೊಂಡು ತಿನ್ನಲು ಏನಾದರೂ ಅಡುಗೆ ತರಬೇಕೆಂಬುದು ಅಲ್ಲಿಯ ಪದ್ಧತಿ. ನನ್ನ ಹೆಂಡತಿ ಪುಳಿಯೋಗರೆ ಕಲಸಿಕೊಟ್ಟಳು. ಸಲಾಡು, ಪೈಗಳ ನಡುವೆ ಸ್ಟೀಲ್ ಡಬ್ಬಿ ಇಟ್ಟೆ. ಅರ್ಧ ಗಂಟೆಯಲ್ಲಿ ತಳ ಕಂಡಿತು. ಕೊಟ್ಟಿಗೆಯಲ್ಲಿ ಹೆಚ್ಚೆಂದರೆ ಇನ್ನೂರು ಜನ. ವೇದಿಕೆ ಎಂಬುದೇ ಇಲ್ಲ. ಲೀವಾನ್ ಕೈಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಕೂತಿದ್ದ. ಒಣಗಿದ ಕೊಬ್ಬರಿಯ ಹಾಗೆ ಇಳಿದುಹೋದ ಮನುಷ್ಯ, ಬಾಯಿತುಂಬ ನಗು. ಹಾಡಲು ಬಾಯಿ ತೆಗೆದಾಗ ಹೊರಬಂದದ್ದು ಕ್ಯಾಸೆಟ್ಟಿನ ದನಿಯಲ್ಲ, ಅದರ ತರಿ. ನನ್ನ ಪಕ್ಕದಲ್ಲಿದ್ದ ಅರವತ್ತರ ಹೆಂಗಸು ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಸುರಿಯಲು ಬಿಟ್ಟಿದ್ದಳು. ಆ ಜನ ಹಳೆಯ ಹಾಡು ಕೇಳಲು ಬಂದವರಲ್ಲ ಎನಿಸಿತು. ಒಬ್ಬ ಮನುಷ್ಯ ಬದುಕಿದ್ದಾನೆ ಎಂದು ನೋಡಿಕೊಂಡು ಹೋಗಲು ಬಂದಿದ್ದರು. ಬರುವಾಗ ಅಡುಗೆ ತರುವುದೂ ಅದಕ್ಕೇ ಇರಬಹುದು.

ದಾರಿಯಲ್ಲಿ ನೆರೆಮನೆಯವರು, “ಬೆವರು ಸುರಿಸಿದವನಿಗೆ ಏನೂ ಇಲ್ಲ, ಕಾಗದದಲ್ಲಿ ಹೆಸರಿದ್ದವನಿಗೆ ಎಲ್ಲ” ಎಂದರು. ನಾನು ಜೋರಾಗಿ ಹೌದೆಂದೆ.

ಈಗ ನನ್ನ ಮನೆಯ ವಿಷಯ ಹೇಳಬೇಕು. ಅಪ್ಪನಿಗೆ ಲಕ್ವ ಹೊಡೆದಾಗ ಅಣ್ಣ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ, ಅಲ್ಲೇ ಉಳಿದ. 1995ರಲ್ಲಿ ನಮ್ಮ ತೋಟದ ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ದುಡ್ಡಿನಿಂದ, ನನ್ನ ಹೆಸರಿಗೆ ಕೊಂಡೆವು. ತೆಂಗಿನ ಸಸಿ ಇಟ್ಟವನು ಅಣ್ಣ. ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದವನು ಅಣ್ಣ. ಬೋರ್‌ವೆಲ್ಲಿಗೆ ದುಡ್ಡು ಕಳಿಸಿದ್ದು ನಾನು. ಬರ ಬಂದು ಸೀಮೆಯ ತೋಟಗಳೆಲ್ಲ ಸುಳಿ ಒಣಗಿ ನಿಂತಾಗ ಟ್ಯಾಂಕರಿನ ಹಿಂದೆ ಓಡಾಡಿ ಮರ ಉಳಿಸಿದವನು ಅವನು. 2020ರಲ್ಲಿ ಮಗಳ ಕಾಲೇಜಿನ ಖರ್ಚಿಗೆಂದು ಆ ಎರಡು ಎಕರೆ ಮಾರೋಣ ಎಂದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. “ಪಹಣೀಲಿ ನಿನ್ನ ಹೆಸರಿದೆ. ಮಾರ್ಕೋ” ಎಂದು ಫೋನ್ ಇಟ್ಟ.

ನನಗೂ ಸಿಟ್ಟು ಬಂತು. ದುಡ್ಡು ಹಾಕಿದವನು ನಾನಲ್ಲವೇ? ಕಷ್ಟಪಟ್ಟು ಗಳಿಸಿದ್ದಲ್ಲವೇ? ತೋಟ ಮಾರಲಿಲ್ಲ, ಮಾತೂ ಆಡಲಿಲ್ಲ. ಹಬ್ಬಕ್ಕೆ ಅತ್ತಿಗೆಗೆ ಫೋನ್ ಮಾಡಿದರೆ, “ಅವರು ತೋಟಕ್ಕೆ ಹೋಗಿದಾರೆ” ಎನ್ನುತ್ತಿದ್ದರು. ಹಾಗೇ ಮೂರು ವರ್ಷವಾಯಿತು.

ಅದರ ಹಿಂದಿನ ವರ್ಷ ರಾಬಿಯ ಕಡೆಯಿಂದ ತಂಡದ ಕತೆ ಹೇಳುವ ಸಾಕ್ಷ್ಯಚಿತ್ರವೊಂದು ಬಂದಿತ್ತು. ಅದರ ಹೆಸರಿನ ಅರ್ಥ, ಒಂದು ಕಾಲಕ್ಕೆ ಅಣ್ಣತಮ್ಮಂದಿರು ಎಂದು. ನೆರೆಮನೆಯವರು ನೋಡುವುದಿಲ್ಲ ಎಂದರು. ನಾನೂ ನೋಡಿರಲಿಲ್ಲ. 2023ರ ಆಗಸ್ಟ್ 9ರಂದು ರಾಬಿ ತೀರಿಕೊಂಡ. ಆ ಶನಿವಾರ ನೆರೆಮನೆಯವರು ಕರೆದರು. ನೆಲಮಾಳಿಗೆಗೆ ಹೋದರೆ ಅದೇ ಚಿತ್ರ ಹಾಕಿಕೊಂಡು ಕೂತಿದ್ದರು. ಮುಗಿದ ಮೇಲೆ, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು: 2012ರ ಏಪ್ರಿಲ್‌ನಲ್ಲಿ ಲೀವಾನ್ ಕೊನೆಯ ದಿನಗಳಲ್ಲಿದ್ದಾಗ ರಾಬಿ ನ್ಯೂಯಾರ್ಕಿನ ಆಸ್ಪತ್ರೆಗೆ ಬಂದು ಬಹಳ ಹೊತ್ತು ಪಕ್ಕದಲ್ಲಿ ಕೂತಿದ್ದ. ಲೀವಾನ್‌ಗೆ ಆಗಲೇ ಮಾತಿರಲಿಲ್ಲ. “ನಾನು ಹನ್ನೊಂದು ವರ್ಷ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ” ಎಂದರು. ಆಮೇಲೆ ಗುಲಾಬಿ ಮನೆಯ ಹೆಸರಿನ ಮೊದಲ ರೆಕಾರ್ಡನ್ನು ಹಾಕಿದರು. ಐವರೂ ಅದರಲ್ಲಿ ಒಟ್ಟಿಗಿದ್ದರು.

ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಇಪ್ಪತ್ತೈದು ವರ್ಷ ನಾನು ಲೀವಾನ್ ಪಕ್ಷ ಎಂದುಕೊಂಡು ಬಂದಿದ್ದೆ. ನನ್ನ ಮನೆಯ ಹಾಡಿನಲ್ಲಿ ಕಾಗದದ ಮೇಲೆ ಹೆಸರಿದ್ದವನು ನಾನೇ. ನಮ್ಮ ಪಹಣಿಯಲ್ಲಿ ಎರಡು ಕಾಲಂ ಇರುತ್ತವೆ. ಒಂಬತ್ತರಲ್ಲಿ ಜಮೀನು ಯಾರದು ಎಂದು, ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಯಾರು ಎಂದು. ಬರೆದವನು ಯಾರೋ ಬುದ್ಧಿವಂತ. ಭೂಮಿಗೆ ಎರಡು ಬಗೆಯ ಒಡೆತನ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ರೆಕಾರ್ಡಿನ ಮೇಲೆ ದುಡ್ಡು ತರುವ ಒಂಬತ್ತನೇ ಕಾಲಂ ಮಾತ್ರ ಇದೆ. ಹನ್ನೆರಡನೆಯದನ್ನು ಅಭಿಮಾನಿಗಳು ಮನಸ್ಸಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಯಾವ ಹಾಡಿನಲ್ಲಿ ಯಾರು ಡ್ರಮ್ಸಿಗೆ ಕೂತರು, ಯಾವ ಸಾಲಿಗೆ ರಿಕ್ ಬಂದು ಸೇರಿದ ಎಂಬ ಅವರ ವಾದ ಹುಚ್ಚಲ್ಲ, ಅದೊಂದು ದಾಖಲೆ. ಆ ಐವರು ತಮ್ಮೊಳಗೆ ಹಂಚಿಕೊಳ್ಳಲಾರದೆ ಹೋದದ್ದನ್ನು ಕೇಳಿದವರು ಹಂಚಿ ಇಟ್ಟಿದ್ದರು. ನನ್ನ ಒಗಟು ಅಷ್ಟಕ್ಕೆ ಬಿಡಿಸಿತು.

ಬೆಳಗಿನ ಜಾವ ಎದ್ದು ಅಣ್ಣನ ನಂಬರಿಗೇ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ಎತ್ತಿದ. ಇಬ್ಬರಿಗೂ ಮಾತು ಹೊರಡಲಿಲ್ಲ.

“ಮದುವೆ ಬ್ಯಾಂಡಿನ ಗಿಟಾರ್‌ನವನು ಹೋದ” ಎಂದೆ.

“ಪೇಪರಲ್ಲಿ ನೋಡಿದೆ” ಎಂದ. ತಡೆದು, “ಆ ಗಡ್ಡದೋನು ಇದಾನಾ?” ಎಂದು ಕೇಳಿದ.

“ಇದಾನೆ. ಅವನೊಬ್ಬನೇ.”

“ಹೋಗಿ ನೋಡ್ಕೊಂಡು ಬಾ” ಎಂದ. ತೋಟದ ಮಾತು ಇಬ್ಬರೂ ಎತ್ತಲಿಲ್ಲ.

ಗಾರ್ಥ್ ಹಡ್ಸನ್ ವುಡ್‌ಸ್ಟಾಕಿನಲ್ಲೇ ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದ. ನಾನು ಹೋಗಲಿಲ್ಲ, ಹಾಗೆ ಹೋಗುವ ಹಕ್ಕು ನನಗೇನಿದೆ? 2025ರ ಜನವರಿ 21ರಂದು ಎಂಬತ್ತೇಳನೇ ವಯಸ್ಸಿನಲ್ಲಿ ಅವನೂ ಹೋದ. ಐವರಲ್ಲಿ ಕೊನೆಯವನು. ಹಿಮ ಕರಗಿದ ಮೇಲೆ ನೆರೆಮನೆಯವರೂ ನಾನೂ ವುಡ್‌ಸ್ಟಾಕಿನ ಸ್ಮಶಾನಕ್ಕೆ ಹೋದೆವು. ಲೀವಾನ್ ಹೆಸರಿಟ್ಟ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಲೀವಾನ್ ಮತ್ತು 1999ರಲ್ಲಿ ತೀರಿಕೊಂಡ ರಿಕ್ ಹತ್ತಿರ ಹತ್ತಿರವೇ ಮಲಗಿದ್ದಾರೆ. ಯಾರೋ ಡ್ರಮ್ ಬಾರಿಸುವ ಕೋಲು ಇಟ್ಟುಹೋಗಿದ್ದರು. ಇಪ್ಪತ್ತು ವರ್ಷ ದಾಟದ ಇಬ್ಬರು ಹುಡುಗರು ನಿಂತಿದ್ದರು. ಅವರು ಹುಟ್ಟುವ ಹೊತ್ತಿಗೆ ಈ ತಂಡದ ಕತೆ ಮುಗಿದೇ ಹೋಗಿತ್ತು. ನೆರೆಮನೆಯವರು ಅವರಿಗೆ ವಾಟ್ಕಿನ್ಸ್ ಗ್ಲೆನ್ ಮಳೆಯ ಕತೆ ಹೇಳತೊಡಗಿದರು. ನಾನು ಕಾರಿನಲ್ಲಿ ಕೂತು ಕಾಯ್ದೆ.

ಅದೇ ಬೇಸಿಗೆಯಲ್ಲಿ ಊರಿಗೆ ಹೋದೆ. ಎರಡು ಎಕರೆಯನ್ನೂ ಅಣ್ಣನ ಹೆಸರಿಗೆ ದಾನಪತ್ರ ಮಾಡಿಸುವುದೆಂದು ತೀರ್ಮಾನಿಸಿಕೊಂಡಿದ್ದೆ. ಅರಸೀಕೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಪತ್ರಬರಹಗಾರರ ಬೆಂಚಿನ ಮೇಲೆ ಕೂತಾಗ ಅಣ್ಣ ಕಾಗದ ಓದಿ, ವಾಪಸು ಕೊಟ್ಟ.

“ಒಂದು ಎಕರೆ ಸಾಕು. ಇನ್ನೊಂದರಲ್ಲಿ ನಿನ್ನ ಹೆಸರೇ ಇರಲಿ.”

“ಯಾಕೆ?”

“ದುಡ್ಡು ನಿಂದು ತಾನೇ? ನೀನು ಸುಮ್ಮನೆ ಕೂತಿದ್ಯಾ ಅಲ್ಲಿ?”

ಪತ್ರಬರಹಗಾರರು ಕಾಗದ ಮತ್ತೆ ಟೈಪು ಮಾಡಬೇಕಾಗುತ್ತದೆ ಎಂದು ಗೊಣಗಿದರು. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಮೂರು ವರ್ಷದಲ್ಲಿ ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆ ವರ್ಷಗಳು ಇಬ್ಬರ ಲೆಕ್ಕದಲ್ಲೂ ಇಲ್ಲ. ಅತ್ತಿಗೆ ನನ್ನೊಡನೆ ಈಗಲೂ ಅಳೆದು ಮಾತಾಡುತ್ತಾರೆ.

ರಾತ್ರಿ ತೋಟದ ಮ��ೆಯ ಮುಂದೆ ಕೂತಿದ್ದೆವು. “ಹಾಕು ನಿನ್ನ ಮದುವೆ ಬ್ಯಾಂಡು” ಎಂದ. ಹಳೆಯ ಕ್ಯಾಸೆಟ್ಟಿಗೆ ಬೂಸಲು ಹಿಡಿದಿದೆ, ಫೋನಿನಲ್ಲಿ ಹಾಕಿದೆ. ಎರಡನೇ ಹಾಡಿನ ನಡುವೆ ಒಂದು ದನಿ ಮೇಲಕ್ಕೆ ಹೋಯಿತು.

“ಅಳುವವ” ಎಂದ ಅಣ್ಣ.

“ಅಲ್ಲ, ಓಡುವವ.”

“ಇಷ್ಟು ವರ್ಷ ಅಮೆರಿಕದಲ್ಲಿದ್ದು ಇಷ್ಟೂ ಗೊತ್ತಾಗಲ್ವೇನೋ ನಿನಗೆ? ಇನ್ನೊಂದ್ಸಲ ಹಾಕು.”

ಹಾಕಿದೆ.